ಹಳಸಿದ ಪಾಯಸದ ಸುದ್ದಿ ಬರೆದ ತಪ್ಪಿಗೆ

ಹೊನ್ನಾಳಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ಆಗ ವರದಿಗಾರನೂ ನಾನೇ, ಕರಡು ತಿದ್ದುವವನೂ ನಾನೇ, ಪತ್ರಿಕೆಯ ಕಟ್ಟುಗಳನ್ನು ಬಸ್ಸಿಗೆ ಹಾಕುವವನೂ ನಾನೇ. ಒಂದು ವಾರ ಮುಖಪುಟದಲ್ಲಿ ಜಾಗ ಖಾಲಿ ಉಳಿಯಿತು. ಸಾಸ್ವೆಹಳ್ಳಿಯ ಮದುವೆಯೊಂದರಲ್ಲಿ ಉಂಡವರು ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದ್ದಾರೆಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಅಲ್ಲಿ ಅಡುಗೆ ಮಾಡಿದ್ದು ನ್ಯಾಮತಿಯ ಒಬ್ಬ ಹೆಂಗಸು. ‘ಹಳಸಿದ ಪಾಯಸ ಬಡಿಸಿದ ಅಡುಗೆಯಾಕೆ’ ಎಂದು ದಪ್ಪಕ್ಷರದಲ್ಲಿ ಹಾಕಿ, ಅವರ ಹೆಸರು, ಊರು, ಫೋಟೊ ಎಲ್ಲ ಕೊಟ್ಟೆ. ಶೀರ್ಷಿಕೆ ಮೆಚ್ಚಿ ಸಂಪಾದಕರು ನನಗೆ ಮಿರ್ಚಿ ಬಜ್ಜಿ ತರಿಸಿದರು.

ಎಂಟನೇ ದಿನ ಆಕೆಯೇ ಕಚೇರಿಗೆ ಬಂದರು. ಐವತ್ತು ದಾಟಿದವರು, ದನಿ ಗಟ್ಟಿ. ಒಂದು ಕೈಯಲ್ಲಿ ನಮ್ಮ ಪತ್ರಿಕೆ, ಇನ್ನೊಂದರಲ್ಲಿ ವಕೀಲರ ನೋಟಿಸು.

“ಇದನ್ನ ಬರ್ದೋರು ಯಾರ್ರೀ?”

ಸಂಪಾದಕರು ತಡಮಾಡದೆ ನನ್ನ ಕಡೆ ನೋಡಿದರು.

“ನನ್ನ ಹೆಸರು ಸಿಕ್ತು, ಫೋಟೊನೂ ಸಿಕ್ತು. ಫೋನ್ ನಂಬರ್ ಒಂದು ಸಿಗಲಿಲ್ಲೇನ್ರೀ ನಿಮಗೆ? ಅವತ್ತು ನಾನು ಪಾಯಸಾನೇ ಮಾಡಿಲ್ಲ. ಹೋಳಿಗೆ ಊಟ ಅದು!”

ಹೊಟ್ಟೆ ಕೆಟ್ಟಿದ್ದು ಮದುಮಗನ ಗೆಳೆಯರು ಹೊರಗಿನಿಂದ ತರಿಸಿದ ಐಸ್‌ಕ್ರೀಮಿನಿಂದ ಎಂದರು. ಅವರ ಎದುರೇ ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರೂ ಅದನ್ನೇ ಹೇಳಿದರು. ಸುದ್ದಿ ಅಚ್ಚಾಗಿ ವಾರ ಕಳೆದ ಮೇಲೆ ನಾನು ಮಾಡಿದ ಮೊದಲ ವಿಚಾರಣೆ ಅದು. ಅಷ್ಟರಲ್ಲಿ ಜಗಳೂರಿನ ಒಂದು ಮದುವೆಮನೆಯವರು ಆಕೆಯನ್ನು ಬಿಟ್ಟು ಬೇರೆಯವರಿಗೆ ಅಡುಗೆ ಒಪ್ಪಿಸಿದ್ದರು.

“ನಾಲ್ಕನೇ ಪುಟದಲ್ಲಿ ವಿಷಾದ ಅಂತ ಹಾಕ್ತೀವಿ ಬಿಡ್ರಮ್ಮ,” ಎಂದರು ಸಂಪಾದಕರು.

“ಮಾನ ಕಳೆದಿದ್ದು ಮೊದಲ್ನೇ ಪುಟದಾಗೆ. ವಾಪಸ್ ಕೊಡಾದು ನಾಲ್ಕನೇದ್ರಾಗಾ?”

ನಾನು ನೋಟಿಸು ಓದಿದೆ. ಮಾನಹಾನಿಗೆ ಎರಡು ವರ್ಷದವರೆಗೆ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ ಎಂದಿತ್ತು. ನನ್ನ ಕಣ್ಣು ‘ಸಜೆ’ಯ ಮೇಲೆ ನಿಂತರೆ, ಆಕೆಯ ಬೆರಳು ‘ಸೇವೆ’ಯ ಮೇಲೆ ನಿಂತಿತ್ತು.

“ಕೋರ್ಟು ಇದನ್ನ ಹೇಳಾಕೆ ಎಷ್ಟು ವರ್ಷ ಬೇಕೋ. ಮುಂದಿನ ವಾರ ಚನ್ನಗಿರಿಯಾಗೆ ನನ್ನ ಅಡುಗೆ ಐತೆ. ಮೊದಲ್ನೇ ಪುಟದಾಗೆ ತಪ್ಪಾತು ಅಂತ ಹಾಕ್ರಿ. ಆಮೇಲೆ ನೀವೇ ಬಂದು ಪಾಯಸ ಬಡಿಸ್ರಿ.”

ಸಂಪಾದಕರು ನನ್ನ ಪರವಾಗಿ ಕೂಡಲೇ ಒಪ್ಪಿಬಿಟ್ಟರು.

ತಿದ್ದುಪಡಿ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬಂತು. ಚನ್ನಗಿರಿಯ ಛತ್ರದಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು, ಬಕೆಟ್ ಹಿಡಿದು ಪಂಕ್ತಿಯಲ್ಲಿ ಹೊರಟೆ. ಮೂರನೇ ಎಲೆಯ ಮುಂದೆ ಕೂತಿದ್ದ ಅಜ್ಜ ಎಲೆಗೆ ಕೈ ಅಡ್ಡ ಹಿಡಿದರು.

“ಪೇಪರ್‌ನಾಗೆ ಬಂದಿತ್ತಲ್ಲ, ಅದೇ ಹೆಂಗಸಿನ ಪಾಯಸ ಏನಪ್ಪಾ ಇದು?”

“ಹೌದಜ್ಜಾ. ಅದನ್ನ ಬರ್ದೋನು ನಾನೇ. ವಿಚಾರಿಸದೆ ಬರೆದೆ, ಸುಳ್ಳಾಗಿತ್ತು.”

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಂಗಾರೆ ಮೊದಲು ನೀನು ಕುಡಿ.”

ಲೋಟಕ್ಕೆ ಸುರಿದುಕೊಂಡು ಕುಡಿದೆ. ಪಂಕ್ತಿಯೆಲ್ಲ ನಕ್ಕಿತು. ಆಮೇಲೆ ಅಜ್ಜ ಎರಡು ಸಲ ಹಾಕಿಸಿಕೊಂಡರು. ನನಗೆ ಮಾತ್ರ ಕಿವಿ ಬಿಸಿಯಾಗಿತ್ತು. ಇಲ್ಲಿ ಇಷ್ಟು ಜನಕ್ಕೆ ನಿಜ ಹೇಳಿದೆ, ಆ ಸುಳ್ಳನ್ನು ಓದಿ ಮರೆತವರ, ಓದಿ ನಂಬಿದವರ ಮನೆಗಳಿಗೆಲ್ಲ ಯಾವ ಬಕೆಟ್ ಹಿಡಿದು ಹೋಗಲಿ?

ಕೊನೆಯ ಪಂಕ್ತಿಯಲ್ಲಿ ಆಕೆ ನನ್ನನ್ನೂ ಕೂರಿಸಿ ತಾವೇ ಬಡಿಸಿದರು. ನೋಟಿಸು ವಾಪಸ್ ತೆಗೆದುಕೊಳ್ಳುವುದಾಗಿ ವಕೀಲರಿಗೆ ಆಗಲೇ ಹೇಳಿದ್ದರಂತೆ.

“ಊಟ ಹೆಂಗೈತೆ, ಹೇಳ್ರಿ.”

ಇನ್ನೊಂದು ತುತ್ತು ಬಾಯಿಗಿಟ್ಟು ಖಾತ್ರಿ ಮಾಡಿಕೊಂಡೆ. “ಸಾರಿಗೆ ಉಪ್ಪು ಒಂದು ಚೂರು ಜಾಸ್ತಿ ಆಗಿದೆ ಅಮ್ಮ.”

ಆಕೆ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದರು. “ಹೌದ್ರೀ, ಆಗೈತೆ,” ಎಂದು ನನ್ನ ಎಲೆಗೆ ಇನ್ನಷ್ಟು ಅನ್ನ ಹಾಕಿದರು.