ಕಮಲಾಪುರದ ಹೊಲಿಗೆ ಅಂಗಡಿಯ ಬೋರ್ಡು

ನೌಕರಿ ಮುಗಿಸಿ ಮನೆಗೆ ಬಂದ ವಿಧವೆ ಜಪಮಣಿ ಹಿಡಿಯಬೇಕೆಂಬುದು ನಮ್ಮ ಮನೆತನದವರ ಆಸೆ. ನಾನು ಅಂಗಡಿಗಳ ಬೋರ್ಡು ಬರೆಯಲು ಬಣ್ಣದ ಡಬ್ಬಿ ಹಿಡಿದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಿವಿ ಹಿಂಡಿ ಹಿಂಡಿ ರೂಢಿಯಾದ ಬೆರಳುಗಳಿವು. ಸುಮ್ಮನೆ ಕೂತರೆ ಮನೆಯವರ ಕಿವಿಗೇ ಕೈ ಹೋದೀತೆಂದು ನನಗೇ ಅಂಜಿಕೆಯಿತ್ತು.

ಮೊದಲು ಸಿಕ್ಕಿದ್ದು ಕಲಬುರಗಿಯ ನಮ್ಮ ಓಣಿಯ ಹಿಟ್ಟಿನ ಗಿರಣಿ. ನಿಜಾಮನ ಆಳ್ವಿಕೆ ಮುಗಿದ ಹೊಸತು. ಎಲ್ಲರಿಗೂ ಬೋರ್ಡಿನ ಮೇಲೆ ಕನ್ನಡ ಬೇಕು, ಹಾಗಂತ ಉರ್ದು ಬಿಡಲು ಧೈರ್ಯವಿಲ್ಲ. ಎಡಗಡೆಯಿಂದ ಕನ್ನಡ ಶುರು ಮಾಡಿದೆ, ಬಲಗಡೆಯಿಂದ ಉರ್ದು. ಅಳತೆ ಹಾಕುವ ಚಾಳಿ ನನಗೆ ಮೊದಲಿನಿಂದಲೂ ಇಲ್ಲ. ಎರಡೂ ನಡುವೆ ಬಂದು ಎಮ್ಮೆಗಳ ಹಾಗೆ ಹಾಯ್ದವು.

ಗಿರಣಿಯವನು ಬಹಳ ಹೊತ್ತು ನೋಡಿ, "ಪುಕ್ಕಟ ಬರದೀರಿ ಅಕ್ಕೋರ, ಏನನ್ನಲಿ? ಹಿಟ್ಟು ಹಾರಿ ಕುಂತಮ್ಯಾಲ ಯಾರಿಗೂ ಕಾಣಂಗಿಲ್ಲ ಬಿಡ್ರಿ" ಎಂದ.

ನನ್ನ ತಮ್ಮನಿಗೆ ಮಾತ್ರ ತಲೆ ಎತ್ತದ ಹಾಗಾಯಿತು. "ಅಕ್ಕಾ, ಜನ ಏನಂದಾರು?" ಎಂದು ಕೇಳಿದ. "ಓದಾಕ ಬರೋರು ಓದತಾರ, ಬರಲಾರದವ್ರು ನೋಡತಾರ" ಎಂದೆ. ಆಮೇಲೆ ಅವನು ಎರಡು ದಿನ ನನ್ನ ಪಂಕ್ತಿಯಲ್ಲಿ ಊಟಕ್ಕೆ ಕೂಡಲಿಲ್ಲ. ನನಗೆ ರೊಟ್ಟಿ ಹೆಚ್ಚಾಗಿ ಸಿಕ್ಕಿತು.

ಹೀಗಿರುವಾಗ ಕಮಲಾಪುರದಿಂದ ಕರೆ ಬಂತು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಗೆಳತಿಯೊಬ್ಬಳು ಹೇಳಿ ಕಳಿಸಿದ್ದಳು: ಮಗ ಸಂತೆಯ ದಿನ ಬಂದು ತನ್ನನ್ನೂ ಹೊಲಿಗೆ ಮಶೀನನ್ನೂ ಹೈದರಾಬಾದಿಗೆ ಒಯ್ಯುವವನಿದ್ದಾನೆ, ತನಗೆ ಹೋಗುವ ಮನಸ್ಸಿಲ್ಲ, ಅವನು ಬರುವ ಮೊದಲು ಅಂಗಡಿಗೆ ಬೋರ್ಡು ಏರಬೇಕು.

ನಾನು ಕಮಲಾಪುರದಲ್ಲಿ ಕಲಿಸುತ್ತಿದ್ದಾಗ ಆಕೆಯ ಗಂಡ ಅಲ್ಲಿ ದರ್ಜಿ. ಅವನು ಬಟ್ಟೆ ಕತ್ತರಿಸಿ ಬೀಡಿ ಸೇದುತ್ತಿದ್ದ, ಉಳಿದದ್ದೆಲ್ಲ ಆಕೆ ಹೊಲಿಯುತ್ತಿದ್ದಳು. ನನ್ನ ಕುಪ್ಪಸಗಳ ಅಳತೆ ನನಗಿಂತ ಆಕೆಗೆ ಚೆನ್ನಾಗಿ ಗೊತ್ತು. ಮುಂದೆ ಗದ್ದಲದ ದಿನಗಳು ಬಂದವು. ರಜಾಕಾರರು ಬಂದಾಗ ನಮ್ಮವರು ಓಡಿದರು, ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಆಕೆಯ ಮುಸಲ್ಮಾನ ಮಂದಿ ಓಡಿದರು. ಓಡುವುದರಲ್ಲಿ ಯಾರೂ ಯಾರಿಗೂ ಕಡಿಮೆಯಿರಲಿಲ್ಲ. ದಾರ ತರುತ್ತೇನೆಂದು ಕಲಬುರಗಿಗೆ ಹೊರಟ ದರ್ಜಿ ಮಾತ್ರ ಓಡಿದನೋ, ಬಿದ್ದನೋ, ಯಾರಿಗೂ ತಿಳಿಯಲಿಲ್ಲ. ಅಂಜಿಕೆಗೆ ಆಕೆ ಅವನ ಹೆಸರಿದ್ದ ಹಲಗೆಯನ್ನು ಇಳಿಸಿ, ಸೀಳಿ, ಒಲೆಗಿಟ್ಟು ರೊಟ್ಟಿ ಮಾಡಿದಳು. "ಅಂವ ಅಡಗಿಗೆ ಉಪಯೋಗ ಬಂದದ್ದು ಅದೊಂದs ಸಲ ನೋಡ್ರಿ" ಎಂದು ನನ್ನ ಮುಂದೆ ನಕ್ಕಿದ್ದಳು, ನಗುತ್ತ ನಗುತ್ತಲೇ ಅತ್ತಿದ್ದಳು. ಹಳೆಯ ಗಲ್ಲಿಯ ಅಂಗಡಿ ಬೇರೆಯವರ ಪಾಲಾಯಿತು. ಈಗ ಬಸ್ಸು ನಿಲ್ಲುವ ಜಾಗದ ಎದುರು ಒಂದೇ ಅಂಕಣದ ಸಣ್ಣ ಕೋಣೆಯಲ್ಲಿ ಆಕೆ ಹೊಲಿಯುತ್ತಿದ್ದಳು.

ಸಂತೆಯ ದಿನ ಬೆಳಗಿನ ಬಸ್ಸಿಗೇ ಹೋದೆ. ಹಲಗೆಗೆ ಬಿಳಿ ಬಳಿದು ಆಗಲೇ ಬಾಗಿಲ ಮೇಲೆ ಹೊಡೆಸಿದ್ದಳು.

"ಏನ ಬರೀಲಿ?"

"ನನ್ನ ಹೆಸರು."

ಆ ಊರಲ್ಲಿ, ಆ ಕಾಲದಲ್ಲಿ, ಬಸ್ಸಿನ ಎದುರಿಗೆ ಮುಸಲ್ಮಾನ ಹೆಣ್ಣುಮಗಳ ಹೆಸರು. "ಬರೇ ಹೊಲಿಗಿ ಅಂಗಡಿ ಅಂದ್ರ ಸಾಲದೇನು?" ಎಂದೆ.

"ಮಶೀನಿನ ಸಪ್ಪಳ ಕೇಳಿದ್ರ ಅದು ಕುರುಡಗೂ ತಿಳೀತದ. ಬರಿಯೋದಿದ್ರ ಹೆಸರು ಬರೀರಿ, ಇಲ್ಲಾಂದ್ರ ಚಾ ಕುಡದು ತಿರಗಿ ಬಸ್ ಹತ್ತರಿ."

ಸ್ಟೂಲು ಹತ್ತಿದೆ. ಸೆರಗು ಕಚ್ಚಿ ಸ್ಟೂಲಿನ ಮೇಲೆ ನಿಂತ ಮುದುಕಿಯನ್ನು ನೋಡಲು ಅರ್ಧ ಸಂತೆ ನೆರೆಯಿತು. ಈ ಸಲ ಮೇಲೆ ಕನ್ನಡ, ಕೆಳಗೆ ಉರ್ದು, ಢಿಕ್ಕಿಯ ಮಾತೇ ಇಲ್ಲ. ಉಳ್ಳಾಗಡ್ಡಿ ಮಾರುವವನೊಬ್ಬ ಅಕ್ಷರ ಕೂಡಿಸಿ ಓದಿ, "ಇದ್ಯಾರ ಹೆಸರ್ರೀ?" ಎಂದ.

"ಒಳಗ ಕುಂತಾಳಲ್ಲ, ಆಕೀದು."

"ದರ್ಜಿ ಹೇಂತಿಗೆ ಹೆಸರದ ಏನು?" ಎಂದು ಅವನು ಬೆರಗಾದ. ಆ ಊರಿನಲ್ಲಿ ಬಾಳುವೆ ಮಾಡಿದ ಇಷ್ಟು ವರ್ಷಗಳಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿರಲಿಲ್ಲ. ನಾನೂ ಅಂದು ಬೆಳಿಗ್ಗೆ ಕೇಳಿಯೇ ತಿಳಿದುಕೊಂಡಿದ್ದೆ.

ಮಧ್ಯಾಹ್ನದ ಬಸ್ಸಿಗೆ ಮಗ ಬಂದ. ಇಳಿದವನು ಬೋರ್ಡು ಓದುತ್ತ ಅಲ್ಲೇ ನಿಂತ.

"ಅಬ್ಬಾನ ಹೆಸರೆಲ್ಲಿ?" ಎಂದು ತಾಯಿಯನ್ನು ಕೇಳಿದ.

"ಅಬ್ಬಾ ಎಲ್ಲಿದ್ದಾನ?" ಎಂದಳು ಆಕೆ, ಮಶೀನು ನಿಲ್ಲಿಸದೆ.

ಅವನು ಸ್ಟೂಲು ಹತ್ತಿ, ಬೋರ್ಡು ಕೀಳಲು ಎರಡೂ ಕೈ ಹಾಕಿದ. ಮೊಳೆಗಳು ಗಟ್ಟಿಯಾಗಿದ್ದವು, ಬಣ್ಣ ಹಸಿಯಾಗಿತ್ತು. ಜಗ್ಗಾಡುವುದರಲ್ಲಿ ಅರ್ಧ ಹೆಸರು ಅವನ ಅಂಗೈಗೆ ಬಂತು. ನನ್ನ ಪಿತ್ತ ನೆತ್ತಿಗೇರಿತು.

"ಇಳಿಯೋ ಕತ್ತೆ" ಎಂದು ಗದರಿದೆ. "ನಿನ್ನ ಮುಕಳಿ ತೊಳದಾಕಿ ಆಕಿ. ಆಕಿ ಹೆಸರು ಅಳಸಾಕ ಬಂದಿಯೇನು?"

ಅವನು ಇಳಿದ. ಬೈಗುಳಕ್ಕೆ ಬೈಗುಳ ಬಂದೀತೆಂದು ಸೊಂಟ ಕಟ್ಟಿ ನಿಂತಿದ್ದೆ, ಹುಡುಗ ಅಳತೊಡಗಿದ. "ಅಮ್ಮಿ, ನಾಳೆ ಮತ್ತ ಗದ್ದಲ ಆದ್ರ ಈ ಹೆಸರು ನೋಡೇ ನಿನ್ನ ಹುಡುಕ್ಕೊಂಡು ಬರ್ತಾರ."

ಆಕೆ ಮಶೀನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಹುಡುಕ್ಕೊಂಡು ಬರಬೇಕಂತನ ಬರಸೀನಿ" ಎಂದಳು. "ನಿಮ್ಮಪ್ಪ ಬಂದ್ರ ಹಳೇ ಅಂಗಡಿಗೆ ಹೋಗತಾನ. ಅಲ್ಲಿ ಬ್ಯಾರೆದವ್ರು ಕುಂತಾರ. ಈ ಊರಾಗ ಯಾರನ್ನ ಕೇಳತಾನ? ಕೇಳಾಕ ಅಂಜತಾನ ಅಂವ. ತಿರಗಿ ಬಸ್ಸಿಗೆ ಬರ್ತಾನಲ್ಲ, ಆವಾಗ ಕಣ್ಣಿಗೆ ಬೀಳಬೇಕು. ನನ್ನ ಹೆಸರು ಗೊತ್ತಿರೋದು ಅವನೊಬ್ಬಗs."

ಸಂತೆಯ ಜನ ಒಬ್ಬೊಬ್ಬರಾಗಿ ಕರಗಿದರು. ಮಗ ಅಂಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಮೇಲೆ ಕೂತ. ನಾನು ಕುಂಚ ತೊಳೆಯತೊಡಗಿದೆ.

"ಬಣ್ಣ ಉಳದದೇನ್ರಿ ಅಕ್ಕೋರ?" ಎಂದಳು.

"ಅದ."

"ಹಂಗಾರ ಎಲ್ಲಾ ಒರಸಿ ಮತ್ತ ಬರೀರಿ. ಈ ಸಲ ಉರ್ದು ಮ್ಯಾಲ, ದೊಡ್ಡದು. ಅವಗ ಕನ್ನಡ ಓದಾಕ ಬರಂಗಿಲ್ಲ."