ಒಂದೇ ಹಲಗೆಯ ಚಿತ್ರಕಾರ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದವರನ್ನು ಎಲ್ಲರೂ ಉಸಿರು ಸಾರ್ ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷ, ದಿನಕ್ಕೆ ಅರವತ್ತು ಜನಕ್ಕೆ, "ಉಸಿರು ಹಿಡ್ಕೊಳ್ಳಿ, ಬಿಡಿ" ಎಂದು ಹೇಳಿದವರಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಆಗ ಫಿಲಂ ಕಾಲ. ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಫಿಲಂ ತೊಳೆದೂ ತೊಳೆದೂ ಅವರ ಬೆರಳ ತುದಿಗಳು ಕಂದು ಹಿಡಿದಿದ್ದವು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಡಾಕ್ಟರಿಗಿಂತ ಮೊದಲೇ ಅವರ ಕಣ್ಣಿಗೆ ಬೀಳುತ್ತಿತ್ತು.

ಇವರು ಚಿತ್ರ ಬರೆಯುತ್ತಾರೆ ಎಂದು ನನಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು. ಮರೆತ ಊಟದ ಡಬ್ಬಿ ಕೊಡಲು ಬಂದ ಅವರ ಹೆಂಡತಿ, "ಭಾನುವಾರ ಮನೆಗೆ ಬಾ, ನನ್ನ ಸವತಿನ ತೋರಿಸ್ತೀನಿ" ಎಂದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೋದೆ. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಕುರ್ಚಿಗೆ ಒರಗಿಸಿದ್ದ ಪ್ಲೈವುಡ್ ಹಲಗೆಯೇ ಆ ಸವತಿ. ಅದರ ಮೇಲೆ ಖಾಲಿ ಬಸ್‌ಸ್ಟಾಪಿನ ಚಿತ್ರ, ಇನ್ನೂ ಹಸಿಯಾಗಿತ್ತು. ಉಳಿದ ಚಿತ್ರಗಳೆಲ್ಲಿ ಎಂದು ಕೇಳಿದೆ. "ಇದರ ಕೆಳಗಿವೆ" ಎಂದರು ಸಾರ್.

ಅವರ ಕ್ರಮವೇ ಹಾಗೆ. ಒಂದು ಚಿತ್ರ ಮುಗಿದು ಒಣಗಿದರೆ ಅದರ ಮೇಲೆಯೇ ಇನ್ನೊಂದು. "ಬರೆಯೋವಾಗ ಸುಖ. ಬರೆದಾದ್ಮೇಲೆ ಅದು ಮನೇಲಿ ಜಾಗ ತಿನ್ನೋ ಸಾಮಾನು" ಎನ್ನುತ್ತಿದ್ದರು. ನಾನು ಸಿಟ್ಟಿನವಳು, ಅಷ್ಟು ಚಂದದ ಬಸ್‌ಸ್ಟಾಪು ಮುಂದಿನ ತಿಂಗಳು ಇರುವುದಿಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಆ ಹಲಗೆಯ ಬಣ್ಣಗಳ ತಳದಲ್ಲಿ, ಎಲ್ಲಕ್ಕಿಂತ ಮೊದಲು, ಅಕ್ಕನ ಚಿತ್ರವಿತ್ತು. ಮದುವೆಯ ಹೊಸತರಲ್ಲಿ ಮೂರು ಭಾನುವಾರ ಕೂರಿಸಿಕೊಂಡು ಬರೆದದ್ದು. ತಿಂಗಳು ತುಂಬುವಷ್ಟರಲ್ಲಿ ಅದರ ಮೇಲೆ ಆಸ್ಪತ್ರೆಯ ಹಿಂದಿನ ಮರ ಬಂತು. "ನನ್ನ ಮೇಲೇ ಮರ ನೆಡ್ತೀರಲ್ರೀ" ಎಂದು ಅಕ್ಕ ಕೇಳಿದ್ದಕ್ಕೆ ಇವರು, "ನೀನೆಲ್ಲಿಗೆ ಹೋಗ್ತೀಯ, ಮನೇಲೇ ಇರ್ತೀಯಲ್ಲ. ಇನ್ನೊಂದ್ಸಲ ಬರೀತೀನಿ" ಎಂದರಂತೆ. ಅಕ್ಕ ಇದನ್ನು ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಇಂಥ ಗಂಡಸರನ್ನು ನೋಡಿಯೇ ಹುಟ್ಟಿರಬೇಕು. ಪಕ್ಕದ ಮನೆಯ ಸೈಕಲ್ಲು, ನೀರಿನ ಟ್ಯಾಂಕು, ನಮ್ಮ ಮುರುಕಲು ಸ್ಟ್ರೆಚರು ಎಲ್ಲವೂ ಹಲಗೆ ಏರಿ ಇಳಿದವು. ಅಕ್ಕನ ಸರದಿ ಮತ್ತೆ ಬರಲೇ ಇಲ್ಲ.

ಸಾರ್ ನಿವೃತ್ತರಾದ ಮರುವರ್ಷವೇ ಅಕ್ಕ ಹಾಸಿಗೆ ಹಿಡಿದರು. ಎರಡು ವರ್ಷ ನರಳಿ, ಕೂದಲು ಉದುರಿ, ಮುಖ ಬತ್ತಿ, ನಮಗೇ ಗುರುತು ಸಿಗದಂತಾಗಿ, ಕೊನೆಗೆ ತೀರಿಹೋದರು.

ಮೂರು ತಿಂಗಳ ಬಳಿಕ ಒಂದು ಮಧ್ಯಾಹ್ನ, ಹೊರರೋಗಿಗಳೆಲ್ಲ ಹೋದ ಮೇಲೆ, ಸಾರ್ ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದರು. ಕೋಣೆಯ ಜವಾಬ್ದಾರಿ ಈಗ ನನ್ನದು.

"ಕಣ್ಣು ಮುಚ್ಚಿದ್ರೆ ಆ ಕಾಯಿಲೆ ಮುಖಾನೇ ಬರುತ್ತಮ್ಮ. ಮೊದಲಿನ ಮುಖ ಬರ್ತಾನೇ ಇಲ್ಲ."

"ಫೋಟೋ ಇಲ್ವಾ ಸಾರ್?"

"ಇವೆ. ಕ್ಯಾಮೆರಾ ಕಂಡ್ರೆ ಅವಳು ಪೊಲೀಸರ ಮುಂದೆ ನಿಂತ ಹಾಗೆ ನಿಲ್ತಿದ್ಲು. ಅದು ಅವಳಲ್ಲ." ಹಲಗೆಯನ್ನು ಮೇಜಿಗೆ ಒರಗಿಸಿದರು. "ಅವಳನ್ನ ಬರೆದಾಗ ನನ್ನ ಹತ್ರ ಇದ್ದದ್ದು ಹಳೇ ಬಿಳಿ, ಸೀಸ ಬೆರೆಸಿದ್ದು. ಆಮೇಲೆ ತಂದಿದ್ರಲ್ಲಿ ಸೀಸ ಇಲ್ಲ. ಸೀಸ ಅಂದ್ರೆ ನಮ್ಮ ಕಿರಣ ದಾಟಲ್ಲ ತಾನೆ? ಮರ, ಸೈಕಲ್ ಎಲ್ಲ ದಾಟಿಹೋಗುತ್ತೆ. ಮಿಷನ್‌ಗೆ ಅವಳೊಬ್ಬಳೇ ಕಾಣ್ತಾಳೆ."

ನಾನು ಒಪ್ಪಬಾರದಿತ್ತು. ರೋಗಿಗಳು ಮಲಗುವ ಕಡೆ ಪ್ಲೈವುಡ್ ಮಲಗಿಸಿದ್ದು ಮೇಲಿನವರಿಗೆ ಗೊತ್ತಾದರೆ ನನ್ನ ಕೆಲಸಕ್ಕೆ ಸಂಚಕಾರ. ಆದರೂ ಬಾಗಿಲು ಹಾಕಿದೆ. ಈಗಿನ ಯಂತ್ರ ರೋಗಿಯ ಹೆಸರು, ವಯಸ್ಸು ತುಂಬದೆ ಮುಂದೆ ಹೋಗುವುದಿಲ್ಲ. ಸಾರ್ ಅಕ್ಕನ ಹೆಸರು ಹೇಳಿದರು. ವಯಸ್ಸು ಎಂದೆ. "ಇಪ್ಪತ್ತಾರು" ಎಂದರು. ಚಿತ್ರಕ್ಕೆ ಕೂತಾಗಿನ ವಯಸ್ಸು, ಅದನ್ನೇ ತುಂಬಿ ಗುಂಡಿ ಒತ್ತಿದೆ.

ಪರದೆಯಲ್ಲಿ ಗೋಡೆ ಬಂತು. ಬೆಳ್ಳಗೆ, ಕುಂಚದ ಒಂದೊಂದು ಎಳೆಯನ್ನೂ ಎಣಿಸಬಹುದಾದಂಥ, ಬೆಳಗಿನ ಬಿಸಿಲು ಬಿದ್ದ ಗೋಡೆ. ಅದರ ನಡುವೆ ಒಂದು ತಲೆ, ಕುತ್ತಿಗೆ, ಭುಜದ ಆಕಾರ. ಒಳಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಬರೀ ಕಪ್ಪು.

ಆ ಸೀಸದ ಬಿಳಿಯನ್ನೆಲ್ಲ ಸಾರ್ ಅಕ್ಕನ ಹಿಂದಿನ ಗೋಡೆಗೆ ಸುರಿದಿದ್ದರು. ನೆರಳಿನಲ್ಲಿದ್ದ ಮುಖವನ್ನು ತೆಳ್ಳಗಿನ ಕಂದು ಬಣ್ಣದಲ್ಲಿ ಮುಗಿಸಿಬಿಟ್ಟಿದ್ದರು. ಅದರಲ್ಲಿ ಸೀಸವಿರಲಿಲ್ಲ. ಯಂತ್ರದ ಮಟ್ಟಿಗೆ ಆ ಜಾಗದಲ್ಲಿ ಯಾರೂ ಕೂತಿರಲೇ ಇಲ್ಲ.

ಪರದೆಯ ಬೆಳಕು ಏರಿಸಿದೆ, ಇಳಿಸಿದೆ. "ಇಲ್ಲಿ ಕೆನ್ನೆ ಥರ ಏನೋ ಇದೆ ಸಾರ್" ಎಂದು ಸುಳ್ಳು ಹೇಳಿದೆ. ನನಗೆ ಎಕ್ಸ್‌ರೇ ಓದಲು ಕಲಿಸಿದವರು ಅದನ್ನು ನಂಬುತ್ತಾರೆಯೇ? ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಗೋಡೆ ಚೆನ್ನಾಗಿ ಬಂದಿದೆ. ಆ ಬಿಸಿಲು ಹಿಡಿಯೋಕೆ ತುಂಬಾ ಒದ್ದಾಡಿದ್ದೆ. ಅಲ್ಲಾಡಬೇಡ, ಬೆಳಕಿಗೆ ಅಡ್ಡ ಬರ್ತೀಯ ಅಂತ ಅವಳನ್ನ ಬೈತಿದ್ದೆ."

ಅವರಿಗೆ ಆಡಬೇಕೆಂದು ಎಷ್ಟೋ ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಹಲಗೆಯನ್ನು ಎತ್ತಿ ಬೆಡ್‌ಶೀಟಿನಲ್ಲಿ ಸುತ್ತತೊಡಗಿದೆ.

"ಎದುರಿಗೇ ಕೂತಿದ್ಲಮ್ಮ, ಮೂರು ಭಾನುವಾರ" ಎಂದರು ಸಾರ್. "ನಾನು ಗೋಡೆ ನೋಡ್ತಿದ್ದೆ."