ಟ್ರಂಕಮ್ಮ ತನ್ನ ಮೇಲೇ ಹೇಳಿದ ಚಾಡಿ

ತಗಡಿನ ಟ್ರಂಕು ಮಾಡುವ ಶೆಡ್ಡಿನ ಒಡತಿಯನ್ನು ಬೀದಿಯವರೆಲ್ಲ ಟ್ರಂಕಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸುತ್ತಿಗೆ ಹಿಡಿದಾಕೆ. ಮಾತಾಡಿದರೂ ಸುತ್ತಿಗೆ ಬಡಿದಂತೆಯೇ, ಎದುರಿಗಿದ್ದವರ ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿತ್ತು. ಆಕೆಯ ಟ್ರಂಕಿನ ಮೇಲೆ ಕೂತು ಉಂಡವರುಂಟು, ಮಲಗಿ ಗೊರಕೆ ಹೊಡೆದವರುಂಟು; ಕುಸಿದ ಮುಚ್ಚಳವನ್ನು ಮಾತ್ರ ಯಾರೂ ಕಂಡಿಲ್ಲ.

ಶೆಡ್ಡಿನ ಹಿಂದಿನ ಬಯಲಲ್ಲಿ ಹೊಸ ಬಡಾವಣೆ ಬರುವುದಿತ್ತು. ಇಂಥ ಸದ್ದಿನ ಶೆಡ್ಡಿಗೂ ಮನೆಗಳಿಗೂ ನಡುವೆ ಅಗಲವಾದ ಜಾಗ ಖಾಲಿ ಬಿಡಬೇಕೆಂಬುದು ನಿಯಮ. ಬಿಲ್ಡರ್ ಅಲ್ಲೂ ಒಂದು ಸಾಲು ಮನೆ ತುರುಕಲು ನಗರಸಭೆಯಲ್ಲಿ ವಿನಾಯಿತಿ ಕೇಳಿದ್ದ. ಅದರ ವಿಚಾರಣೆಗೆ ಅಕ್ಕಪಕ್ಕದವರನ್ನೂ ಕರೆದಿದ್ದರು. ಅತ್ತ ಬಡಾವಣೆ, ಇತ್ತ ಬಡಿಯುವ ಅಮ್ಮ, ಡಿಕ್ಕಿ ತಪ್ಪುವಂತಿರಲಿಲ್ಲ.

"ನಾವು ಸದ್ದೇ ಮಾಡಲ್ಲ ಅಂದ್ಬಿಡಿ ಅತ್ತೆ," ಎಂದ, ಜೊತೆಗೇ ಕೆಲಸ ಮಾಡುವ ಅಳಿಯ. "ನಾವಾಗಿ ಒಪ್ಕೊಂಡ್ರೆ ಶೆಡ್ಡಿಗೇ ಬೀಗ ಜಡೀತಾರೆ."

"ಸುಮ್ನಿರಿ ಅಳಿಯಂದ್ರೇ. ಇವತ್ತು ಸುಳ್ಳು ಹೇಳಿದ್ರೆ ನಾಳೆ ಗೋಡೆ ಆಚೆ ಹಸುಗೂಸು ಮಲಗಿರತ್ತೆ. ಅದರ ತಾಯಿ ಪೊಲೀಸರನ್ನ ಕರೀತಾಳೆ. ನ್ಯಾಯ ಅವಳದ್ದೇ. ಆಗ ಬೀಳೋ ಬೀಗ ತೆಗೆಯೋಕಾಗಲ್ಲ."

ಕಚೇರಿಯ ವಿಚಾರಣೆಯಲ್ಲಿ ಅಕ್ಕಪಕ್ಕದವರು ನೀರು, ರಸ್ತೆ, ಚರಂಡಿ ಎಂದು ಬಡಾವಣೆಯನ್ನು ದೂರಿದರು. ಟ್ರಂಕಮ್ಮ ಎದ್ದು ತನ್ನನ್ನೇ ದೂರಿಕೊಂಡಳು. "ಅವರಿಂದ ನನಗೇನೂ ತೊಂದರೆ ಇಲ್ಲ ಸ್ವಾಮಿ. ತೊಂದರೆ ಅಂದ್ರೆ ನಾನೇ."

ಬಿಲ್ಡರ್ ನಕ್ಕ. "ಹೆಂಗಸರು ತಗಡು ತಟ್ಟೋದು ಎಷ್ಟು ಕೇಳ್ಸತ್ತೆ ಸಾರ್? ಕಿಟಕಿ ಹಾಕ್ಕೊಂಡ್ರೆ ಆಯ್ತು."

ಕೆಟ್ಟದಾಗಿ ಬೈದಿದ್ದರೂ ಆಕೆ ಸಹಿಸುತ್ತಿದ್ದಳೇನೋ; 'ತಟ್ಟೋದು' ಎಂದದ್ದು ಎದೆಗೇ ತಟ್ಟಿತು.

"ಬಂದು ಕೇಳಿ," ಎಂದಳು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನಿಜಕ್ಕೂ ಬಂದರು. ಕೊನೆಯ ಸಾಲಿನ ಮಲಗುವ ಕೋಣೆ ಎಲ್ಲಿ ಬರುತ್ತದೋ ಅಲ್ಲೇ ಬಿಲ್ಡರ್ ಜೊತೆ ನಿಂತರು. ಶೆಡ್ಡಿನೊಳಗೆ ಅಳಿಯ ಬೀಗದ ಭಯಕ್ಕೆ ತಗಡನ್ನು ಮೆಲ್ಲಗೆ ಸವರುತ್ತಿದ್ದ.

"ಏನು, ಜೋಗುಳ ಹಾಡ್ತಿದೀರಾ ಅದಕ್ಕೆ? ಕೊಡಿ ಇಲ್ಲಿ."

ಸುತ್ತಿಗೆ ಕಿತ್ತುಕೊಂಡ ಟ್ರಂಕಮ್ಮ ದೊಡ್ಡ ಟ್ರಂಕೊಂದರ ಅಂಚು ಮಡಿಸಲು ಶುರುಮಾಡಿದಳು. ನಾಟಕದ ಪೆಟ್ಟಲ್ಲ, ದಿನವೂ ಬೀಳುವ ಪೆಟ್ಟೇ. ಹೊರಗೆ ಬಿಲ್ಡರ್ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮಾತು ಮಾತ್ರ ಯಾರಿಗೂ ಮುಟ್ಟುತ್ತಿರಲಿಲ್ಲ. ಅಧಿಕಾರಿ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲವರೆಗೆ ಬಂದು, ಅಳಿಯನಿಗೆ ಏನೋ ಕೂಗಿ ಹೇಳಿ ಹೊರಟುಹೋದರು.

ಅಂಚು ಮುಗಿದ ಮೇಲೆಯೇ ಆಕೆ ತಲೆ ಎತ್ತಿದ್ದು. "ಏನಂದ್ರು?"

ಅಳಿಯನ ಮುಖ ಅರಳಿತ್ತು. "ವಿನಾಯಿತಿ ಇಲ್ಲ, ಜಾಗ ಬಿಡಲೇಬೇಕು ಅಂದ್ರು. ಶೆಡ್ಡು ಇದ್ದಲ್ಲೇ ಇರ್ಲಂತೆ. ನಿಮ್ಮ ಪಕ್ಕದಲ್ಲಿ ಮನುಷ್ಯರು ಬದುಕೋಕೇ ಆಗಲ್ವಂತೆ ಅತ್ತೆ."

ಟ್ರಂಕಮ್ಮ ಬೆವರು ಒರೆಸಿಕೊಂಡು ನೆಟ್ಟಗೆ ನಿಂತಳು.

"ಕೊನೇದು ಇನ್ನೊಂದ್ಸಲ ಹೇಳಿ," ಎಂದಳು. "ತಡೀರಿ, ನಿಮ್ಮ ಹೆಂಡತೀನೂ ಕರೀರಿ. ಅವಳೂ ಕೇಳಿಸ್ಕೊಳ್ಲಿ."